ಕಾಮಿನಿ ಬೇಲಿ, ನಿಂಬೆ ಸಸಿ

ಎಲೆಗಳನ್ನು ತಾವೇ ಆರಿಸಿ ಚೀಲದಲ್ಲಿ ಕಟ್ಟಿಕೊಂಡು ಬರುವವರನ್ನು ನಾನು ನಂಬುವುದಿಲ್ಲ. ಯಾವ ಗಿಡದ್ದು, ಯಾವ ಬದಿಯದ್ದು, ಯಾವಾಗ ಕಿತ್ತದ್ದು ಎಂದು ಕೇಳಿದರೆ ಥಟ್ಟನೆ ಉತ್ತರ ಕೊಡುವವರನ್ನಂತೂ ಇನ್ನೂ ನಂಬುವುದಿಲ್ಲ. ಆ ಬೇಸಿಗೆಯಲ್ಲಿ ತಂಬ್ರಹಳ್ಳಿಯ ತೋಟದ ಯಜಮಾನರು ನಮ್ಮ ಸಸ್ಯರೋಗ ಪತ್ತೆ ಕೇಂದ್ರಕ್ಕೆ ಬಂದಾಗ ಅವರ ಕೈಯಲ್ಲಿ ಅಂಥದೊಂದು ಚೀಲವಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ, ಮಾತಿನಲ್ಲಿ ಬಲು ಮರ್ಯಾದೆ. ಚೀಲ ಬಿಚ್ಚಿ ನಿಂಬೆ ಎಲೆಗಳನ್ನು ನನ್ನ ಮೇಜಿನ ತುಂಬ ಹರಡಿದರು.

"ನೋಡ್ರಿ ಮೇಡಮ್ಮೋರೆ, ಎಲ್ಲಾ ಹಳದಿ ಆಗ್ಯಾವ. ಹಡಗಲಿ ದಾರ್‍ಯಾಗ ಒಬ್ಬಾಕಿದು ನರ್ಸರಿ ಐತಲ್ಲ, ಅಕಿ ಸಸಿ ತಂದು ಹಚ್ಚಿದ್ದ ತಪ್ಪಾತು. ಎಲ್ಲೆಲ್ಲಿಂದ್ಲೋ ರೋಗದ ಸಸಿ ತಂದು, ನಮ್ದ ಐತಿ ಅಂತ ಮಾರ್ತಾಳ. ನೀವೊಂದು ರಿಪೋರ್ಟ್ ಬರ್ದು ಕೊಟ್ರ ಬಂದ್ ಮಾಡಿಸ್ತೀವಿ."

"ರೋಗ ಐತೋ ಇಲ್ಲೋ ಇನ್ನೂ ನೋಡೇ ಇಲ್ಲ, ಆಗ್ಲೇ ಬಂದ್ ಮಾಡಿಸ್ತೀರಲ್ರಿ," ಎಂದೆ. ನಾನೂ ಕೂಡ್ಲಿಗಿಯವಳೇ. ಕಚೇರಿಯ ಕನ್ನಡ ಅಲ್ಲಿಗೇ ಮುಗಿಯಿತು.

"ನೋಡೂದೇನೈತ್ರಿ? ಮೊನ್ನಿ ಮೊನ್ನಿತನ ಕೂಲಿ ಮಾಡ್ತಿದ್ದಾಕಿ ಇಷ್ಟು ದೊಡ್ಡ ನರ್ಸರಿ ಮಾಡ್ಯಾಳ ಅಂದ್ರ ಸುಮ್ನ ಆಗ್ತತೇನು?"

ಈ ಸಿಟ್ಟು ಎಲೆಯ ಹಳದಿಗಿಂತ ಹಳೆಯದು ಎಂದು ನನಗೆ ಅನಿಸಿತು. ಹಾಗಂತ ಆ ಹೆಂಗಸಿನ ಮೇಲೆ ನನಗೆ ಮಮತೆಯೇನೂ ಉಕ್ಕಲಿಲ್ಲ. ಹೊರಗಿನಿಂದ ತಂದ ಸಸಿಗೆ ಮಣ್ಣು ಬದಲಿಸಿ, ಇಲ್ಲೇ ಹುಟ್ಟಿದ್ದು ಎಂದು ಆಣೆ ಮಾಡುವ ನರ್ಸರಿಯವರನ್ನು ಬೇಕಾದಷ್ಟು ನೋಡಿದ್ದೇನೆ. ದೂರು ಕೊಟ್ಟವರ ಮೇಲೂ ಗುಮಾನಿ, ದೂರಿಗೆ ಸಿಕ್ಕವರ ಮೇಲೂ ಗುಮಾನಿ. ಚೀಲವನ್ನು ಪಕ್ಕಕ್ಕೆ ಸರಿಸಿ, "ನಾನ ಬಂದು ಕೀಳ್ತೀನಿ," ಎಂದೆ. ಯಜಮಾನರ ಮುಖ ಸಪ್ಪಗಾಯಿತು.

ಹಳದಿ ನಿಂಬೆ ಎಲೆ ಕಂಡು ಗ್ರೀನಿಂಗ್ ಎಂಬ ರೋಗದ ಗುಮಾನಿ ಬಂದರೆ ನಾವು ಹಗುರವಾಗಿ ಮಾತಾಡುವುದಿಲ್ಲ. ನಿಂಬೆ, ಮೋಸಂಬಿ, ಕಿತ್ತಳೆ ಗಿಡಗಳ ಆಹಾರ ಸಾಗುವ ನಾಳದೊಳಗೆ ಕೂತು ಬದುಕುವ ಬ್ಯಾಕ್ಟೀರಿಯಾ ಅದು. ಹೊಕ್ಕಿತೆಂದರೆ ಗಿಡ ವಾಸಿಯಾಗುವುದಿಲ್ಲ, ವರ್ಷಗಟ್ಟಲೆ ನರಳಿ ಸಾಯುತ್ತದೆ. ಒಂದು ಗಿಡದಿಂದ ಇನ್ನೊಂದಕ್ಕೆ ಅದನ್ನು ಹೊತ್ತೊಯ್ಯುವುದು ಸಿಲ್ಲಾ ಎಂಬ ಕೀಟ. ಎಳ್ಳುಕಾಳಿನಷ್ಟಿರುತ್ತದೆ. ತಲೆ ತಗ್ಗಿಸಿ, ಹಿಂಭಾಗ ಮೇಲೆತ್ತಿ, ಚಿಗುರಿನ ಮೇಲೆ ಓರೆಯಾಗಿ ಕೂರುತ್ತದೆ. ಒಮ್ಮೆ ಆ ಭಂಗಿ ಕಂಡವರು ಮರೆಯುವುದಿಲ್ಲ.

ತಂಬ್ರಹಳ್ಳಿ ತೋಟಕ್ಕೆ ಹೋದಾಗ ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಸತುವಿನ ಕೊರತೆಯಾದರೂ ನಿಂಬೆ ಎಲೆ ಹಳದಿಯಾಗುತ್ತದೆ. ಆದರೆ ಆಗ ನಡುನರದ ಎರಡೂ ಬದಿ ಒಂದೇ ಥರ ಹಳದಿ. ಗ್ರೀನಿಂಗ್‌ನಲ್ಲಿ ಎಡಕ್ಕೊಂದು ತೇಪೆ, ಬಲಕ್ಕೆ ಬೇರೆಯೇ ತೇಪೆ. ಎರಡೂ ಬದಿ ಒಂದೇ ಜಾಗಕ್ಕೆ ಪೆನ್ನಿನಿಂದ ಸುತ್ತು ಹಾಕಿ ಹೋಲಿಸಿದರೆ ತಿಳಿಯುತ್ತದೆ. ಹಾಗೆ ನೋಡಿದರೆ ಯಜಮಾನರು ಚೀಲದಲ್ಲಿ ತಂದಿದ್ದ ಎಲೆಗಳಲ್ಲಿ ಹೆಚ್ಚಿನವು ಬರೀ ಸತುವಿನ ಕೊರತೆಯವು. ಆದರೆ ತೋಟ ಸುತ್ತುವಾಗ ನಿಜವಾದ ತೇಪೆ ಎಲೆಗಳೂ ಸಿಕ್ಕವು. ಆ ಗಿಡದ ಒಂದು ಕಾಯಿ ಕೊಯ್ದೆ. ನಡುವಿನ ದಿಂಡು ಸೊಟ್ಟಗಿತ್ತು, ಬೀಜಗಳು ಕಂದುಗಟ್ಟಿ ಜೊಳ್ಳಾಗಿದ್ದವು. ಗ್ರೀನಿಂಗ್ ಹಿಡಿದ ಕಾಯಿಯ ಗುರುತೇ ಅದು.

ಅನುಮಾನ ಬಂದ ಗಿಡಕ್ಕೆಲ್ಲ ಕೆಂಪು ರಿಬ್ಬನ್ ಕಟ್ಟುತ್ತ ಹೋದೆ. ಕಟ್ಟಿ ಮುಗಿಸಿ ಪಂಪ್‌ಹೌಸಿನ ತಾರಸಿ ಹತ್ತಿ ನೋಡಿದೆ. ಸಸಿಯ ಜೊತೆಗೇ ರೋಗ ಬಂದಿದ್ದರೆ ರಿಬ್ಬನ್ನುಗಳು ತೋಟದ ತುಂಬ ಅಲ್ಲೊಂದು ಇಲ್ಲೊಂದು ಇರಬೇಕಿತ್ತು. ಇಲ್ಲಿ ಪಡುವಣದ ಬೇಲಿಯ ಅಂಚಿಗೆ ದಟ್ಟವಾಗಿದ್ದವು, ಒಳಗೆ ಬಂದಂತೆ ವಿರಳವಾಗಿದ್ದವು. ಅಂಚಿನಿಂದ ಒಳಕ್ಕೆ ಬರುವುದು ಹಾರುವ ಹುಳದ ದಾರಿ.

ಇಳಿದು ಆ ಬೇಲಿಯ ಹತ್ತಿರ ಹೋದೆ. ಯಾವುದೋ ಪೊದೆ ಗಿಡದ ಸಾಲು, ಚಿಗುರನ್ನೆಲ್ಲ ಈಗಷ್ಟೇ ಸವರಿಬಿಟ್ಟಿದ್ದರು. ಕಡ್ಡಿಗಳು ಬಿಟ್ಟರೆ ಅಂಚಿನಲ್ಲಿ ನಾಲ್ಕು ಒಣಗಿದ ಎಲೆ. ಕೆಳಗೆ ಬಿಳಿ ಬಟ್ಟೆ ಹಿಡಿದು, ಹುಳ ಉದುರಲೆಂದು ಕಡ್ಡಿಗಳನ್ನು ಪ್ಲಾಸ್ಟಿಕ್ ಕೊಳವೆಯಿಂದ ಬಡಿದೆ. ಧೂಳು ಬಿತ್ತು, ಹುಳ ಬೀಳಲಿಲ್ಲ.

"ಯಾವಾಗ ಸವರಿದ್ರಿ ಇದನ್ನ?"

"ಅದು ಬರೇ ಬೇಲಿ ಬಿಡ್ರಿ. ಯಾರೋ ಸವರ್ಕೊಂಡು ಹೋಗ್ತಾರ."

ಬೇಲಿಯ ಪಕ್ಕ, ಬಾವಿಯ ದಂಡೆಗೆ, ಮುದಿ ಮೋಸಂಬಿ ಗಿಡಗಳು ನಿಂತಿದ್ದವು. ಅವುಗಳ ಎಲೆಗೆ ಕೈಹಾಕಿದರೆ ಯಜಮಾನರು ನನ್ನನ್ನು ಬೇರೆ ಕಡೆ ಕರೆಯತೊಡಗಿದರು. "ಅವು ನಮ್ಮ ಬೀಗರು ಕೊಟ್ಟಿದ್ದು, ನರ್ಸರಿಯಾಕಿಗಿಂತ ಮೊದಲಿನವು. ಅವಕ್ಕೇನೂ ಆಗಿಲ್ರಿ, ವಯಸ್ಸಾಗ್ಯಾವ ಅಷ್ಟ. ಅವನ್ನ ಬ್ಯಾಡ್ರಿ." ಬ್ಯಾಡ ಅಂದದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ಅವುಗಳ ಎಲೆಯನ್ನೂ ಕಿತ್ತು ಕವರಿಗೆ ಹಾಕಿದೆ.

ಮರುದಿನ ಹಡಗಲಿ ರಸ್ತೆಯ ನರ್ಸರಿಗೆ ಹೋದೆ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದ ಆಕೆ ಪೈಪು ಹಿಡಿದು ಸಸಿಗಳಿಗೆ ನೀರು ಹನಿಸುತ್ತಿದ್ದಳು. ಶೆಡ್ಡಿನ ಗೋಡೆಗೆ ಬುದ್ಧನ ಒಂದು ಫೋಟೊ, ಅದಕ್ಕೆ ಹಡಗಲಿ ಮಲ್ಲಿಗೆಯ ಸಣ್ಣ ಮಾಲೆ.

"ಬರ್ರಿ. ನೀವು ಬರ್ತೀರಂತ ಗೊತ್ತಿತ್ತು," ಎಂದಳು. "ಚಾ ಕುಡೀತೀರೋ, ಇಲ್ಲ ಅದ್ರಾಗೂ ರೋಗ ಐತಂತೀರೋ?"

"ಮೊದ್ಲು ಸಸಿ ನೋಡ್ತೀನಿ, ಆಮ್ಯಾಗ ಚಾ."

"ನೋಡ್ರಿ, ನೋಡ್ರಿ. ಒಂದೊಂದೂ ನಮ್ಮ ತಾಯಿಗಿಡದ ಹಣ್ಣಿನ ಬೀಜದಿಂದ ಹುಟ್ಟಿದ್ದು. ಹೊರಗಿಂದು ಒಂದು ಸಸಿ ಇದ್ರ ನಾ ಕೈ ಕಡಕೋತೀನಿ."

ಹಸಿರು ನೆರಳುಬಲೆಯ ಕೆಳಗೆ ಸಸಿಗಳು ಸಾಲು ಸಾಲಾಗಿ ನಿಂತಿದ್ದವು, ಎಲೆಯಲ್ಲಿ ಒಂದು ಚುಕ್ಕೆ ಇಲ್ಲ. ಇಷ್ಟು ಚೆನ್ನಾಗಿದ್ದರೂ ನನಗೆ ಸಮಾಧಾನವಿಲ್ಲ. ಅಷ್ಟರಲ್ಲಿ ಮೂಲೆ ಕಂಡಿತು. ಒದ್ದೆ ಗೋಣಿಚೀಲಗಳು, ಮೇಲೆ ತಾಡಪಾಲು ಹೊದಿಸಿತ್ತು. ಹೊರಗಿನ ಸಸಿಗಳನ್ನು ಬೇರು ಒಣಗದಂತೆ ಸಾಗಿಸುವುದು ಇಂಥ ಒದ್ದೆ ಗೋಣಿಯಲ್ಲೇ. ಸಿಕ್ಕಿಬಿದ್ದಳು ಎಂದುಕೊಂಡೆ.

"ಅದೇನದು?"

"ನಮ್ಮ ತಮ್ಮಂದು. ನಂದಲ್ಲ."

"ಬಿಚ್ರಿ, ನೋಡೂಣು."

"ನಂದಲ್ಲದ್ದು ನಾ ಯಾಕ ಬಿಚ್ಲಿ? ಅಂವ ಬರ್ಲಿ, ಅವನ್ನ ಕೇಳ್ರಿ." ಪೈಪನ್ನು ನೆಲಕ್ಕೆ ಬಿಸಾಕಿದಳು. "ಮೇಡಮ್ಮೋರೆ, ಒಂದು ಮಾತು ಕೇಳ್ರಿ. ಮಳಿ ಬಿತ್ತಂದ್ರ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೀಂದ ಮಂದಿ ಸಸಿಗೆ ಬರ್ತಾರ. ಈ ಸಲ ಅವರು ಬರಿಗೈಲೆ ಹೋದ್ರ ನನ್ನ ಹೆಸರು ಹೋತು. ನಮ್ಮಂಥವ್ರಿಗೆ ಹೆಸರು ಒಮ್ಮೆ ಹೋದ್ರ ತಿರುಗಿ ಬರಂಗಿಲ್ಲ. ಅವರು ಅದನ್ನ ಕಾಯ್ಕೊಂಡು ಕುಂತಾರ."

ಬಲವಂತವಾಗಿ ಚೀಲ ಬಿಚ್ಚಿಸುವ ಅಧಿಕಾರ ನನಗಿಲ್ಲ. ಸಸಿಗಳ, ತಾಯಿಗಿಡಗಳ ಎಲೆ ಕಿತ್ತುಕೊಂಡೆ. ವರದಿ ಬರುವವರೆಗೆ ಒಂದು ಸಸಿಯೂ ಹೊರಹೋಗಬಾರದೆಂದು ಹೇಳಿ ಹೊರಟೆ. ಚಹಾ ಅವಳೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬ್ಯಾಕ್ಟೀರಿಯಾ ಇರುವುದು ಎಲೆಯ ನಡುನರದಲ್ಲಿ, ತೊಟ್ಟಿನಲ್ಲಿ. ಅವನ್ನಷ್ಟೇ ಕತ್ತರಿಸಿ, ಅರೆದು, ಅದರ ಡಿಎನ್ಎ ತೆಗೆದು ಪಿಸಿಆರ್ ಯಂತ್ರಕ್ಕೆ ಕೊಡಬೇಕು. ಬ್ಯಾಕ್ಟೀರಿಯಾದ ತುಣುಕು ಒಂದಿಷ್ಟಿದ್ದರೂ ಯಂತ್ರ ಅದನ್ನು ಹೆಚ್ಚಿಸಿ ತೋರಿಸುತ್ತದೆ. ಪ್ರತಿ ಸಲವೂ ಒಂದು ನಳಿಕೆಯಲ್ಲಿ ಬರೀ ನೀರು ಇಟ್ಟಿರುತ್ತೇವೆ. ಅದರಲ್ಲಿ ಏನೂ ಬರಬಾರದು. ಮೊದಲ ಸಲ ನೋಡಿದರೆ ನೀರಿಗೇ ರೋಗ! ಎಲ್ಲೋ ಹನಿ ಸಿಡಿದಿತ್ತು, ಇಡೀ ಫಲಿತಾಂಶ ಕಸಕ್ಕೆ ಹೋಯಿತು. ನನ್ನನ್ನೇ ನಾನು ಬೈದುಕೊಂಡು, ಮೇಜನ್ನೆಲ್ಲ ಬ್ಲೀಚಿನಿಂದ ಒರೆಸಿ, ಹೊಸ ದ್ರಾವಣ ತೆಗೆದು ಮೊದಲಿನಿಂದ ಶುರುಮಾಡಿದೆ.

ಎರಡನೆಯ ಸಲ ನೀರು ನೀರಾಗೇ ಉಳಿಯಿತು. ತಂಬ್ರಹಳ್ಳಿಯ ನಿಂಬೆಯಲ್ಲಿ ರೋಗವಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬೀಗರು ಕೊಟ್ಟ ಆ ಮುದಿ ಮೋಸಂಬಿಯಲ್ಲಿತ್ತು. ನರ್ಸರಿಯ ಎಲೆಗಳಲ್ಲಿ ಏನೂ ಇರಲಿಲ್ಲ.

"ಮುಗೀತಲ್ಲ," ಎಂದರು ನಮ್ಮ ಮೇಲಧಿಕಾರಿ. "ನರ್ಸರಿ ಶುದ್ಧ ಅಂತ ಬರೆದು ಕೈ ತೊಳ್ಕೊಳ್ಳಿ."

ಬರೆಯಬಹುದಿತ್ತು. ಆದರೆ ಸುಡುಬೇಸಿಗೆಯಲ್ಲಿ ಎಲೆಯೊಳಗೆ ಈ ಬ್ಯಾಕ್ಟೀರಿಯಾ ಇಳಿದುಹೋಗುತ್ತದೆ. ಹೊಸದಾಗಿ ತಗುಲಿದ ಸಸಿಯಲ್ಲಂತೂ ತಿಂಗಳುಗಟ್ಟಲೆ ಪರೀಕ್ಷೆಗೆ ಸಿಗುವುದೇ ಇಲ್ಲ. ಎಲೆ 'ಇಲ್ಲ' ಅಂದರೆ ಇಲ್ಲವೇ ಇಲ್ಲ ಎಂದಲ್ಲ. ಮೂಲೆಯ ಆ ಒದ್ದೆ ಗೋಣಿಚೀಲಗಳು ಬೇರೆ ನನ್ನ ತಲೆಯಿಂದ ಇಳಿಯಲೊಲ್ಲವು. ಊಟಕ್ಕೆ ಕೂತರೂ ಅವೇ.

ಕೊನೆಗೆ, ಎಲೆಯನ್ನು ಬಿಟ್ಟು ಹುಳವನ್ನೇ ಹಿಡಿಯಬೇಕೆಂದು ತೀರ್ಮಾನಿಸಿದೆ. ಸಿಲ್ಲಾ ಮೊಟ್ಟೆಯಿಡುವುದು ಎಳೆ ಚಿಗುರಿನ ಮೇಲೆ ಮಾತ್ರ. ಅದರ ಮರಿ ರೋಗದ ಗಿಡದ ರಸ ಹೀರಿತೆಂದರೆ ಬ್ಯಾಕ್ಟೀರಿಯಾ ಅದರ ಕರುಳಿಗಿಳಿದು, ಮೈತುಂಬ ಬೆಳೆದು, ಎಂಜಲಿಗೆ ಬರುತ್ತದೆ. ಆಮೇಲೆ ಸಾಯುವತನಕ ಆ ಹುಳ ಕಚ್ಚಿದಲ್ಲೆಲ್ಲ ರೋಗ. ಗಿಡ ಬಾಯಿಬಿಡುವ ಎಷ್ಟೋ ಮೊದಲು ಹುಳ ಬಾಯಿಬಿಡುತ್ತದೆ. "ಕೇಳಿದ್ದಷ್ಟು ಮಾಡಿದ್ರೆ ಸಾಕಿತ್ತು," ಎಂದು ಮೇಲಧಿಕಾರಿ ಮೂಗು ಮುರಿದರು. ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹೇಳದೆ ಕೇಳದೆ ನರ್ಸರಿಗೆ ಹೋದೆ. ಮದುವೆ ಸುಗ್ಗಿಯ ಒಂದು ಬೆಳಗ್ಗೆ. ಗೇಟಿನಲ್ಲೇ ಒಂದು ಗೂಡ್ಸ್ ಆಟೊ ನಿಂತಿತ್ತು. ಒಬ್ಬ ಗಂಡಸು ಅದೇ ಗೋಣಿಚೀಲಗಳನ್ನು ಅದಕ್ಕೆ ಏರಿಸುತ್ತಿದ್ದ. ಕಾರನ್ನು ಆಟೊಕ್ಕೆ ಅಡ್ಡ ನಿಲ್ಲಿಸಿ ಇಳಿದೆ.

"ಬಿಚ್ಚು ಚೀಲ!"

ಅವನು ಗಾಬರಿಬಿದ್ದು ಅಕ್ಕನ ಕಡೆ ನೋಡಿದ. ಆಕೆ ಹೇಳಿದ್ದ ತಮ್ಮ ಇವನೇ, ಕೊಟ್ಟೂರಿನಲ್ಲಿ ಹೂವಿನ ಅಂಗಡಿ ಇಟ್ಟು ಮದುವೆ ಸ್ಟೇಜು ಅಲಂಕಾರ ಮಾಡುವವನು ಎಂದು ಆಮೇಲೆ ತಿಳಿಯಿತು. "ಬಿಚ್ಚಲೇ, ಅವರಿಗೆ ಸಮಾಧಾನ ಆಗ್ಲಿ," ಎಂದಳು ಆಕೆ. ಬಿಚ್ಚಿದ. ಒಳಗೆ ಬೇರೂ ಇಲ್ಲ, ಸಸಿಯೂ ಇಲ್ಲ. ಹೊಳೆಯುವ ಸಣ್ಣೆಲೆಯ ಎಳೆ ರೆಂಬೆಗಳು.

"ಕಾಮಿನಿ ಸೊಪ್ರಿ ಮೇಡಂ. ಸ್ಟೇಜಿನ ಹಿಂದ ಹೂವಿನ ನಡುವೆ ಕಟ್ಟಾಕ. ಇವತ್ತು ನೀಲಗುಂದದಾಗ ಮದುವಿ ಐತಿ."

ನನಗೆ ನಗು ಬಂತು. ಇಷ್ಟು ದಿನ ನಿದ್ದೆಗೆಡಿಸಿದ್ದು ಮದುವೆಯ ಸೊಪ್ಪು! ನಗು ಅರ್ಧಕ್ಕೇ ನಿಂತಿತು. ಕಾಮಿನಿ ನಮ್ಮ ಕರಿಬೇವಿನ ಬಳಗದ ಗಿಡ. ನಿಂಬೆಗೂ ದೂರದ ನೆಂಟ. ಸಿಲ್ಲಾ ಹುಳಕ್ಕೆ ನಿಂಬೆಯಷ್ಟೇ ಪ್ರೀತಿ ಅದರ ಚಿಗುರಿನ ಮೇಲೆ. ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಒಂದು ರೆಂಬೆ ಎತ್ತಿ ಕೊಡವಿದೆ.

ಕಂದು ಕಾಳುಗಳು ಬಟ್ಟೆಯ ಮೇಲೆ ಉದುರಿದವು. ಒಂದು ಗಳಿಗೆ ಸುಮ್ಮನಿದ್ದು, ಹಿಂಭಾಗ ಮೇಲೆತ್ತಿ ಓರೆಯಾಗಿ ಕೂತವು.

ರಬ್ಬರ್ ಕೊಳವೆಯ ಒಂದು ತುದಿಯನ್ನು ಬಾಯಲ್ಲಿಟ್ಟು, ಇನ್ನೊಂದು ತುದಿಯಿಂದ ಹುಳಗಳನ್ನು ಸೀಸೆಯೊಳಕ್ಕೆ ಎಳೆದುಕೊಂಡ ಮೇಲೆ ಕೇಳಿದೆ, "ಎಲ್ಲಿಂದ ತರ್ತೀ ಇದನ್ನ?"

"ತಂಬ್ರಹಳ್ಳಿ ಯಜಮಾನ್ರ ಬೇಲೀದ್ರಿ. ವಾರಾ ವಾರಾ ಸವರ್ತೀನಿ. ಅವರು ನೀರು ಬಿಟ್ಟಿರ್ತಾರ, ಸವರಿದಷ್ಟೂ ಎಳೇ ಚಿಗುರು ಒಡೀತತಿ. ಮಂದಿ ಕೇಳೂದು ಎಳೀದನ್ನ."

"ಮತ್ತ ಇಲ್ಯಾಕ ತಂದಿಡ್ತೀ?"

"ಅಕ್ಕನ ನೆಳ್ಳಾಗ ತಂಪಿರ್ತತ್ರಿ. ಅಂಗಡ್ಯಾಗಿಟ್ರ ಮಧ್ಯಾಹ್ನಕ್ಕ ಬಾಡ್ತತಿ. ನಮ್ಮ ಕಡೆ ಡೆಕೋರೇಶನ್ನಿನವ್ರೆಲ್ಲ ಹಿಂಗ, ಯಾವುದಾರ ನರ್ಸರ್‍ಯಾಗ ಇಟ್ಟಿರ್ತಾರ."

ಮೂಲೆಯ ಹತ್ತಿರದ ಸಸಿಗಳನ್ನು ನೋಡಿದೆ. ಭೂತಗನ್ನಡಿ ಹಿಡಿದರೆ ಚಿಗುರಿನ ಸಂದಿಯಲ್ಲಿ ಹಳದಿ ಮರಿಗಳು ಮೇಣದ ಬಿಳಿ ಎಳೆ ಬಿಡುತ್ತ ಕೂತಿದ್ದವು. ಕನ್ನಡಿಯನ್ನು ಆಕೆಯ ಕೈಗೆ ಕೊಟ್ಟೆ. ತುಂಬ ಹೊತ್ತು ನೋಡಿದಳು. ಆಮೇಲೆ ತಮ್ಮನ ಕಡೆ ತಿರುಗಿ, "ಹಾಳಾದವನ, ನನ್ನ ಮನಿಗೇ ತಂದಿಟ್ಟೆಲ್ಲೋ," ಎಂದು ಬೈದಳು. ಆ ಚೀಲಗಳು ನೀಲಗುಂದಕ್ಕೆ ಹೋಗಲಿಲ್ಲ, ಅಲ್ಲೇ ಸುಟ್ಟೆವು.

ಚೀಲದ ಹುಳದಲ್ಲೂ ರೋಗವಿತ್ತು. ಸಸಿಗಳ ಮೇಲೆ ಹಿಡಿದ ಹುಳದಲ್ಲೂ ಇತ್ತು. ಫಲಿತಾಂಶದ ಕಾಗದ ಹಿಡಿದುಕೊಂಡು ಮೊದಲು ಅವಳಲ್ಲಿಗೇ ಹೋದೆ. ರೋಗ ಅವಳ ಸಸಿಯಿಂದ ತಂಬ್ರಹಳ್ಳಿಗೆ ಹೋಗಿದ್ದಲ್ಲ. ಆ ಮುದಿ ಮೋಸಂಬಿಯಿಂದ ಹುಳಕ್ಕೆ, ಹುಳದಿಂದ ಬೇಲಿಗೆ, ಬೇಲಿಯಿಂದ ಮದುವೆ ಸೊಪ್ಪಿನೊಂದಿಗೆ ಅವಳ ನೆರಳಿಗೆ ಬಂದದ್ದು. ಅಷ್ಟನ್ನೂ ಹೇಳಿದೆ. ಅವಳು ಬಿಡಲಿಲ್ಲ.

"ಎಲಿ ಚೊಲೊ ಅಂತ ಬಂದೈತಿ. ಹುಳ ಕೆಟ್ಟದ್ದು ಅಂತ ಬಂದೈತಿ. ನಿಮ್ಮ ಕಾಗದದಾಗ ಯಾವುದನ್ನ ಬರೀತೀರಿ?"

"ಎರಡೂ."

"ಹುಳ ಕಚ್ಚಿದ ಸಸಿ ಯಾವ್ಯಾವು ತೋರಸ್ರಿ. ಅವನ್ನಷ್ಟ ಕಿತ್ತು ಒಗೀತೀನಿ."

"ತೋರ್ಸಾಕ ಆಗಂಗಿಲ್ಲವ್ವ. ಈಗ ಎಲ್ಲಾ ಒಂದ ಥರ ಕಾಣ್ತಾವ. ಹಚ್ಚಿದ ಮ್ಯಾಲೆ, ಮುಂದ ಎಂದೋ, ಮಂದಿ ಹೊಲದಾಗ ಗೊತ್ತಾಗ್ತತಿ."

ಹುಳಕ್ಕೆ ಔಷಧಿ ಹೊಡೆದು, ಸಸಿಗಳನ್ನು ಗೇಟಿನಾಚೆ ಸಾಗಿಸದೆ ಇಲ್ಲೇ ನಾಶ ಮಾಡಬೇಕೆಂದೆ. ಈ ಬ್ಯಾಕ್ಟೀರಿಯಾ ಬೀಜದಲ್ಲಿ ದಾಟುವುದಿಲ್ಲ, ತಾಯಿಗಿಡದ ಹಣ್ಣಿನಿಂದ ಕೀಟಬಲೆಯೊಳಗೆ ಮತ್ತೆ ಸಸಿ ಎಬ್ಬಿಸಬಹುದು ಎಂದೂ ಹೇಳಿದೆ. ಅವಳು ಸಸಿಗಳನ್ನೇ ನೋಡುತ್ತಿದ್ದಳು. "ಮಳಿ ಬರಾಕ ಬಂದೈತಲ್ರಿ," ಎಂದಳು ಸಣ್ಣ ದನಿಯಲ್ಲಿ. "ವಿಚಾರ ಮಾಡ್ತೀನಿ." ಆ ಮಾತನ್ನು ನಾನು ನಂಬಲಿಲ್ಲ. ಮಾರಿಬಿಡುತ್ತಾಳೆ ಎಂದೇ ಅನಿಸಿತು. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ಎಂದು ಯೋಚಿಸುವ ಧೈರ್ಯವೂ ಆಗಲಿಲ್ಲ.

ಮೊದಲ ಹದಮಳೆ ಬಿದ್ದ ಮರುದಿನ ತಂಬ್ರಹಳ್ಳಿ ಯಜಮಾನರ ಫೋನು. "ನಾ ಹೇಳಿದ್ದು ಖರೆ ಆತಿಲ್ಲೋ? ಅಕಿ ಟ್ರ್ಯಾಕ್ಟರ್ ತರಿಸ್ಯಾಳ. ಗೇಟಿನ ಮುಂದ ಮಂದಿ ನಿಂತಾರ. ನಾನೂ ಅಲ್ಲಿಗ ಹೊಂಟೀನಿ. ನೀವು ಕಣ್ಮುಚ್ಕೊಂಡು ಕುಂದ್ರಿ."

ದಾರಿಯುದ್ದಕ್ಕೂ ಅವಳನ್ನು ಬೈಯುತ್ತ ಕಾರು ಓಡಿಸಿದೆ. ಹೋದರೆ ಹೌದು, ಗೇಟಿನ ಮುಂದೆ ಕೂಡ್ಲಿಗಿ ಕಡೆಯವರು, ಹರಪನಹಳ್ಳಿ ಕಡೆಯವರು ಬುಟ್ಟಿ ಹಿಡಿದು ಕಾಯುತ್ತಿದ್ದರು. ಯಜಮಾನರೂ ಕೈ ಕಟ್ಟಿಕೊಂಡು ನಿಂತಿದ್ದರು. ಟ್ರ್ಯಾಕ್ಟರ್ ಒಳಗಿತ್ತು. ಅದರ ಹಿಂದೆ ಟ್ರೇಲರ್ ಇರಲಿಲ್ಲ. ಮಣ್ಣು ಪುಡಿಮಾಡುವ ರೋಟಾವೇಟರ್ ಕಟ್ಟಿತ್ತು.

ಆಕೆ ಸಸಿಗಳ ನಡುವೆ ನಿಂತಿದ್ದಳು. ಔಷಧಿ ಹೊಡೆದ ವಾಸನೆ ಇನ್ನೂ ಆರಿರಲಿಲ್ಲ. ನೆರಳುಬಲೆ ಬಿಚ್ಚಿ ಸುತ್ತಿಟ್ಟಿತ್ತು, ಸಸಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಿಂದ ತೆಗೆದು ನೆಲದ ಮೇಲೆ ಮಲಗಿಸಿತ್ತು. ತಮ್ಮನೂ ಮೊಣಕೈವರೆಗೆ ಮಣ್ಣಾಗಿದ್ದ. ನನ್ನ ಮುಖ ನೋಡಿದವಳೇ, "ಮಾರಾಕ ನಿಂತಾಳ ಅಂತ ಓಡಿ ಬಂದ್ರಿ, ಅಲ್ಲೇನು?" ಎಂದಳು.

ಟ್ರ್ಯಾಕ್ಟರಿನವನು ಇನ್ನೂ ಹಿಂದೆಮುಂದೆ ನೋಡುತ್ತಿದ್ದ. "ಯಕ್ಕಾ, ಎಷ್ಟು ಹಸರಗ ಅದಾವ. ಮನಸ್ಸು ಬರವಲ್ದು."

"ಹಸರಗ ಅದಾವಂತ್ಲ ಹೊಡಿ ಅನ್ನಾಕತ್ತೀನಿ. ಹಳದಿ ಆಗಿದ್ರ ಮಂದಿ ತಾವ ಬಿಡ್ತಿದ್ರು."

ಅವನು ಗೇರು ಹಾಕಿದ. ಮೊದಲ ಸಾಲು ಮಣ್ಣಿಗೆ ಸೇರಿದ್ದೇ ಇಡೀ ನರ್ಸರಿ ನಿಂಬೆ ಎಲೆಯ ಘಮಕ್ಕೆ ತುಂಬಿಹೋಯಿತು. ಆಕೆ ಅಳಲಿಲ್ಲ, ಕಣ್ಣಲ್ಲಿ ನೀರು ಬಂದದ್ದು ನನಗೆ. ಕೊನೆಯ ಸಾಲು ಮುಗಿದ ಮೇಲೆ ಗೇಟಿಗೆ ಬಂದು, ಯಜಮಾನರ ಎದುರಿಗೆ ನಿಂತಳು.

"ನಂದು ಮುಗೀತ್ರಿ ಯಜಮಾನ್ರ. ಇನ್ನ ನಿಮ್ಮ ಬೇಲಿ, ನಿಮ್ಮ ಬೀಗರ ಮೋಸಂಬಿ."

ಅಷ್ಟು ಮಂದಿಯ ಮುಂದೆ ಯಜಮಾನರು ಅಂಗಿ ಸರಿಮಾಡಿಕೊಂಡು ಹೊರಟುಹೋದರು. ಬೇಲಿ ಕಡಿಯಲು ಅವರು ಮೀನಮೇಷ ಎಣಿಸಿದರು. ತೋಟದ ಒಳಗಿನ ಸಾಲಿಗೂ ರೋಗ ಇಳಿದ ಮೇಲೆ ಕಡಿದರು. ಆ ಮುದಿ ಮೋಸಂಬಿಯನ್ನೂ ತೆಗೆಸಿದರು. ರೋಗ ಬಾರದ ನಿಂಬೆ ಒಂದಷ್ಟು ಉಳಿದವು.

ಮುಂದಿನ ಮಳೆಗಾಲದ ಹೊತ್ತಿಗೆ ಆ ನಿಂಬೆ ಗಿಡಗಳನ್ನು ಮತ್ತೊಮ್ಮೆ ನೋಡಿಕೊಂಡು, ಅಲ್ಲಿಂದ ನೇರ ನರ್ಸರಿಗೆ ಹೋದೆ. ಹಳೆಯ ಜಾಗದಲ್ಲಿ ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಬಿಳಿ ಬಲೆಯ ಮನೆ ಎದ್ದಿತ್ತು. ಒಂದು ಬಾಗಿಲು ಮುಚ್ಚಿದ ಮೇಲೇ ಇನ್ನೊಂದು ತೆರೆಯಬೇಕು, ಹಾಗೆ ಮಾಡಿಸಿದ್ದಳು. ಒಳಗೆ ಬೀಜದಿಂದೆದ್ದ ಹೊಸ ನಿಂಬೆ ಸಸಿಗಳು ಗೇಣುದ್ದ ಬೆಳೆದಿದ್ದವು. ಎಲೆ ಕ್ಷೇಮವೆಂದು ಬಂದರೆ ಕೊಟ್ಟೂರಿನವರಿಗೇ ಮೊದಲು ಎಂದು ಆಗಲೇ ಮಾತಾಗಿತ್ತಂತೆ. ಖುಷಿಯಿಂದ ಬಾಗಿಲಿಗೆ ಕೈ ಹಾಕಿದೆ.

"ಏ, ನಿಲ್ರಿ ಅಲ್ಲೇ! ಎಲ್ಲಿಂದ ಬಂದ್ರಿ?"

"ತಂಬ್ರಹಳ್ಳಿ ತೋಟದಿಂದ."

"ಅಲ್ಲಿಂದ ಬಂದು ಸೀದಾ ನನ್ನ ಸಸಿಗೆ ಕೈ ಹಚ್ತೀರಾ?" ನನ್ನ ಹೆಗಲಿನ ವೇಲನ್ನು ಎಳೆದುಕೊಂಡು, ನೆಲಕ್ಕೆ ಬಿಳಿ ಪಂಚೆ ಹಾಸಿ, ಅದರ ಮೇಲೆ ಕೊಡವಿದಳು. ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. ಧೂಳಿನ ಕಣ ಬಿಟ್ಟರೆ ಏನೂ ಇರಲಿಲ್ಲ. ಆದರೂ ಸಮಾಧಾನವಾಗಲಿಲ್ಲ. "ಹಂಗ ಒಂದು ಸುತ್ತು ತಿರುಗ್ರಿ, ಬೆನ್ನಿನ ಮ್ಯಾಲ ನೋಡ್ತೀನಿ. ಚಾ ಆಮ್ಯಾಗ."

ನಾನು ಎರಡೂ ಕೈ ಎತ್ತಿ, ನಿಧಾನಕ್ಕೆ ಒಂದು ಸುತ್ತು ತಿರುಗಿದೆ. ಯಾರ ಅನುಮಾನವೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.